ಹಳೆಯ ಕಾರಿಗೆ ಹೆಚ್ಚುವರಿ ವಾರಂಟಿ: ತೆಗೆದುಕೊಳ್ಳಬೇಕೇ, ಬಿಡಬೇಕೇ?

ವಾಹನ ಸಲಹೆ: ಮೈಸೂರಿನಲ್ಲಿ ಗ್ಯಾರೇಜು ನಡೆಸುವ ಹಿರಿಯ ಮೆಕ್ಯಾನಿಕ್ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕ. ಮೈಸೂರಿನ ಮಳಿಗೆಯೊಂದರಲ್ಲಿ 2018ರ ಪೆಟ್ರೋಲ್ ಸ್ವಿಫ್ಟ್ ನೋಡಿದ್ದೇನೆ. ಮ್ಯಾನುವಲ್ ಗೇರು, ಮೊದಲ ಮಾಲೀಕರದೇ ಕಾರು, 58,000 ಕಿ.ಮೀ. ಓಡಿದೆ. 4.60 ಲಕ್ಷ ರೂಪಾಯಿಗೆ ಮಾತಾಗಿದೆ. ಅದರ ಮೇಲೆ 14,000 ಕೊಟ್ಟರೆ ಒಂದು ವರ್ಷದ ವಾರಂಟಿ ಕೊಡುತ್ತಾರಂತೆ, ಆದರೆ ಕಾರು ಬುಕ್ ಮಾಡುವ ದಿನವೇ ಹೇಳಬೇಕಂತೆ. ‘ಹಳೆಯ ಗಾಡಿ, ಧೈರ್ಯಕ್ಕೆ ಇರಲಿ’ ಎನ್ನುತ್ತಾನೆ ನನ್ನ ಭಾವಮೈದುನ. ವಾರಂಟಿ ಕಾಗದದ ಫೋಟೋ ಕಳುಹಿಸಿದ್ದೇನೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಈ ಕಾರಿಗೆ ಈ ವಾರಂಟಿ ಬೇಡ. ಕಾರನ್ನೂ ಮುಂದೆ ಹೇಳುವ ಪರೀಕ್ಷೆ ಮುಗಿಸಿದ ಮೇಲೆಯೇ ತೆಗೆದುಕೊಳ್ಳಿ.

ನೀವು ಕಳುಹಿಸಿದ ಕಾಗದವನ್ನು ಪೂರ್ತಿ ಓದಿದೆ. ‘ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಸಂಪೂರ್ಣ ರಕ್ಷಣೆ’ ಎಂದು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿದೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಏನಿದೆ ನೋಡಿ: ಕ್ಲಚ್, ಬ್ರೇಕ್, ಸಸ್ಪೆನ್ಷನ್ ಬುಷ್‌ಗಳು, ಬ್ಯಾಟರಿ, ಟೈರು, ರಬ್ಬರ್ ಹೋಸ್‌ಗಳು, ಎಸಿ ಗ್ಯಾಸ್ ಯಾವುದೂ ಸೇರುವುದಿಲ್ಲ. ಮೊದಲ 30 ದಿನ ಕ್ಲೇಮ್ ಇಲ್ಲ. ವರ್ಷಕ್ಕೆಲ್ಲ ಸೇರಿ 40,000 ರೂಪಾಯಿ ಮಿತಿ. ಖರೀದಿಗೆ ಮೊದಲೇ ಇದ್ದ ದೋಷಕ್ಕೆ ಅನ್ವಯವಿಲ್ಲ. ದೋಷ ಮೊದಲೇ ಇತ್ತೇ ಇಲ್ಲವೇ ಎಂದು ತೀರ್ಮಾನಿಸುವವರೂ ಅವರೇ. ದುರಸ್ತಿ ಆಗಬೇಕಾದ್ದು ಅವರು ಸೂಚಿಸುವ ಬೆಂಗಳೂರಿನ ಗ್ಯಾರೇಜಿನಲ್ಲಿ, ಅಲ್ಲಿಯವರೆಗೆ ಗಾಡಿ ಸಾಗಿಸುವ ಖರ್ಚು ನಿಮ್ಮದು. ಪಾಂಡವಪುರದಲ್ಲಿ ಕೆಟ್ಟು ನಿಂತ ಕಾರನ್ನು ಟೋಯಿಂಗ್ ಗಾಡಿಯ ಮೇಲೆ ಬೆಂಗಳೂರಿಗೆ ಕಳುಹಿಸುವುದಕ್ಕೆ ಏನು ಬೀಳುತ್ತದೆ ಎಂದು ಒಮ್ಮೆ ವಿಚಾರಿಸಿ.

ಇನ್ನು ಕಾರಿನ ವಿಷಯ. ಈ 1.2 ಲೀಟರ್ ಎಂಜಿನ್ನಿಗೆ ಟರ್ಬೊ (ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಭಾಗ) ಇಲ್ಲ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್‌ಗೆ ಬೆಲ್ಟ್ ಅಲ್ಲ, ಚೈನ್ ಇದೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಒಳಭಾಗ ಕೈಕೊಡುವುದು ಅಪರೂಪ. ಈ ವಯಸ್ಸಿನ ಕಾರಿನಲ್ಲಿ ಖರ್ಚು ಬರುವುದು ಬೇರೆ ಕಡೆ: ಕ್ಲಚ್ ಸೆಟ್, ಲೋವರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್, ಬ್ಯಾಟರಿ, ಟೈರು. ಅಂದರೆ ಕೆಡುವ ಭಾಗಕ್ಕೆ ರಕ್ಷಣೆ ಇಲ್ಲ, ರಕ್ಷಣೆ ಇರುವ ಭಾಗ ಸುಲಭಕ್ಕೆ ಕೆಡುವುದಿಲ್ಲ.

‘ಎಂಜಿನ್ನೇ ಹೋದರೆ?’ ಎಂದು ನಿಮ್ಮ ಭಾವಮೈದುನ ಕೇಳಬಹುದು. ಎಂಜಿನ್ ಹೇಗೆ ಹೋಗುತ್ತದೆ ಎಂಬುದನ್ನು ನೋಡೋಣ. ರೇಡಿಯೇಟರಿನ ರಬ್ಬರ್ ಹೋಸ್ ಬಿರುಕು ಬಿಡುತ್ತದೆ, ಎಂಜಿನ್ ತಣಿಸುವ ಕೂಲಂಟ್ ಸೋರುತ್ತದೆ, ಎಂಜಿನ್ ಬಿಸಿಯಾಗಿದೆ ಎಂದು ಕೆಂಪು ದೀಪ ಹತ್ತಿದರೂ ‘ಮನೆ ಹತ್ತಿರದಲ್ಲೇ ಇದೆ’ ಎಂದು ಓಡಿಸುತ್ತೇವೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಕೆಳಗಿನ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ ಬಾಗುತ್ತದೆ. ಈಗ ಅವರ ಕಾಗದ ಹಿಡಿದು ಹೋದರೆ, ಮೂಲ ಕಾರಣ ರಬ್ಬರ್ ಹೋಸ್, ಅದು ಪಟ್ಟಿಯಲ್ಲಿಲ್ಲ. ಬಿಸಿಯಾದ ಮೇಲೂ ಓಡಿಸಿದ್ದು ನಿಮ್ಮ ನಿರ್ಲಕ್ಷ್ಯ ಎನ್ನುತ್ತಾರೆ. ಕೆಲವು ನೂರು ರೂಪಾಯಿಯ ಹೋಸ್ ಅನ್ನು ಈಗಲೇ ಬದಲಿಸಿಬಿಡುವುದು ಇದಕ್ಕಿಂತ ದೊಡ್ಡ ರಕ್ಷಣೆ.

ಆ 14,000ವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡಿ. ನಮ್ಮ ಕಡೆ ಈ ಕಾರಿನ ಕ್ಲಚ್ ಸೆಟ್ ಬದಲಾವಣೆ ಕೂಲಿ ಸೇರಿ ಏಳೆಂಟು ಸಾವಿರದಲ್ಲಿ ಮುಗಿಯುತ್ತದೆ, ಬ್ಯಾಟರಿಗೆ ನಾಲ್ಕೈದು ಸಾವಿರ. ಖರ್ಚು ಬಾರದಿದ್ದರೆ ಹಣ ನಿಮ್ಮಲ್ಲೇ ಉಳಿಯುತ್ತದೆ.

ಪರೀಕ್ಷೆಗೆ ಬೆಳಿಗ್ಗೆ ಹೋಗಿ. ‘ಎಂಜಿನ್ ಸ್ಟಾರ್ಟ್ ಮಾಡಬೇಡಿ, ನಾನೇ ಬಂದು ಮಾಡುತ್ತೇನೆ’ ಎಂದು ಹಿಂದಿನ ದಿನವೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣನೆಯ ಎಂಜಿನ್ನಿನ ಸದ್ದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದೇ ತಿಳಿಯಿರಿ. ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಒಳಬದಿ ನೋಡಿ. ಹಾಲು ಹೆಚ್ಚಾದ ಕಾಫಿಯಂಥ ನೊರೆ ಅಂಟಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು. ಬರೀ ಹತ್ತಿರದ ಓಡಾಟದ ಗಾಡಿಯಲ್ಲೂ ತೆಳುವಾಗಿ ಕಾಣುವುದುಂಟು, ಆದ್ದರಿಂದ ಕೂಲಂಟ್ ಮಟ್ಟವನ್ನೂ ಜೊತೆಗೇ ನೋಡಿ. ನೊರೆಯೂ ಇದ್ದು ಕೂಲಂಟೂ ಇಳಿದಿದ್ದರೆ ಅಲ್ಲಿಂದ ಎದ್ದು ಬನ್ನಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೂ ಅಷ್ಟೇ.

ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನೋಂದಣಿ ಸಂಖ್ಯೆ ಕೊಟ್ಟು ದಾಖಲೆ ತೆಗೆಸಿ, ಮಾಲೀಕರ ಒಪ್ಪಿಗೆ ಬೇಕೆಂದರೆ ಮಳಿಗೆಯವರೇ ತರಲಿ. ಮೂರು ವರ್ಷದ ಹಿಂದೆಯೇ 61,000 ಎಂದು ಬರೆದಿದ್ದರೆ ಮೀಟರ್ ತಿರುಗಿಸಿದ್ದಾರೆ. ಕೊನೆಗೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಕೈಯಲ್ಲಿ ರ‍್ಯಾಂಪ್ ಹತ್ತಿಸಿ ಅಡಿಭಾಗ ನೋಡಿಸಿ. ಸಿಕ್ಕ ದೋಷಗಳನ್ನು ಸರಿಪಡಿಸಿಯೇ ಕೊಡುತ್ತೇವೆ ಎಂದು ಮಳಿಗೆಯವರಿಂದ ಮಾರಾಟದ ಕಾಗದದಲ್ಲೇ ಬರೆಸಿಕೊಳ್ಳಿ. ಆ ಒಂದು ಸಾಲಿಗೆ ನಾನು ವಾರಂಟಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನೊಂದು ಮಾತು. ಇನ್ಶೂರೆನ್ಸ್ ಇದೆಯಲ್ಲ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಅದು ಅಪಘಾತ, ಕಳವು, ಪ್ರವಾಹದಂಥವಕ್ಕೆ. ತಾನಾಗಿ ಕೆಟ್ಟ ಭಾಗಕ್ಕೆ ಅದರಿಂದ ಬಿಡಿಗಾಸು ಬರುವುದಿಲ್ಲ. ಆ ಪಾಲಿಸಿಯನ್ನೂ ಕಾರು ಕೈಬದಲಾದ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ.

ಪ್ರಶ್ನೆ: ಪರಿಚಯದವರಿಂದ 2022ರ ಟರ್ಬೊ ಪೆಟ್ರೋಲ್, ಡಬಲ್ ಕ್ಲಚ್ ಆಟೊಮ್ಯಾಟಿಕ್ ಕಾರು ಕೊಳ್ಳುತ್ತಿದ್ದೇನೆ. ಅವರು ಕಂಪನಿಯಿಂದಲೇ ಮಾಡಿಸಿದ ಹೆಚ್ಚುವರಿ ವಾರಂಟಿ ಇನ್ನೂ ಉಳಿದಿದೆ. ಅದು ನನಗೆ ಸಿಗುತ್ತದೆಯೇ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಸಾಮಾನ್ಯವಾಗಿ ಸಿಗುತ್ತದೆ. ಬಿಡಬೇಡಿ. ಇಂಥ ಗೇರ್‌ಬಾಕ್ಸಿನ ನಿಯಂತ್ರಣ ಘಟಕ ಕೆಟ್ಟರೆ ಬಿಲ್ಲು ಲಕ್ಷ ದಾಟಬಹುದು. ಉಳಿದಿರುವ ವಾರಂಟಿ ಮುಗಿಯುವ ಮೊದಲು ಮತ್ತಷ್ಟು ವಿಸ್ತರಿಸಲು ಕಂಪನಿ ಒಪ್ಪಿದರೆ ಹಣ ಕೊಟ್ಟು ಮಾಡಿಸಿ, ಮುಗಿದ ಮೇಲೆ ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಮುಂಗಡ ಕೊಡುವ ಮೊದಲು ಚಾಸಿ ಸಂಖ್ಯೆ ಹಿಡಿದು ಅಧಿಕೃತ ಕೇಂದ್ರಕ್ಕೆ ಹೋಗಿ: ಯಾವ ದಿನಾಂಕ ಅಥವಾ ಎಷ್ಟು ಕಿ.ಮೀ.ವರೆಗೆ ಇದೆ, ಯಾವುದಾದರೂ ಸರ್ವಿಸ್ ತಪ್ಪಿದೆಯೇ, ಹೆಸರು ಬದಲಿಸಲು ಏನು ಕೊಡಬೇಕು ಎಂದು ಕೇಳಿ. ಹೊರಗಡೆ ವೈರ್ ಕತ್ತರಿಸಿ ಮ್ಯೂಸಿಕ್ ಸಿಸ್ಟಮ್, ದೀಪ ಹಾಕಿಸಿದ್ದರೆ ಆ ಭಾಗದ ಕ್ಲೇಮ್ ತಿರಸ್ಕರಿಸಬಹುದು. ಅದನ್ನೂ ಅಲ್ಲೇ ತೋರಿಸಿ ವಿಚಾರಿಸಿ.

ಪ್ರಶ್ನೆ: ವಾರಂಟಿ ಇದ್ದರೂ ಎಸಿ ಕಂಪ್ರೆಸರ್ ಬದಲಿಸಿಕೊಡಲಿಲ್ಲ. ‘ಹೊರಗೆ ಸರ್ವಿಸ್ ಮಾಡಿಸಿದ್ದೀರಿ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು.
– ರೈತ, ಮದ್ದೂರು

ಉತ್ತರ: ನಿಮಗಾದದ್ದು ಅನ್ಯಾಯವಿರಬಹುದು, ಅದಕ್ಕೇ ಸುಮ್ಮನಿರಬೇಡಿ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಪತ್ರ ಬರೆದು ಲಿಖಿತ ಉತ್ತರ ಕೇಳಿ. ಎಂಜಿನ್ ಆಯಿಲ್ ಹೊರಗೆ ಬದಲಿಸಿದ್ದಕ್ಕೂ ಎಸಿ ಕಂಪ್ರೆಸರ್ ಕೆಟ್ಟದ್ದಕ್ಕೂ ಏನು ಸಂಬಂಧ ಎಂದು ಅದರಲ್ಲೇ ಪ್ರಶ್ನಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದರಿಂದಲೂ ಆಗದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಕೊಂಡ ವಸ್ತು ಅಥವಾ ಸೇವೆಗೆ ನೀವು ಕೊಟ್ಟ ಮೊತ್ತ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ. ತಕರಾರು ಎದ್ದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ವಾರಂಟಿ ಕಾಗದ, ಹಣ ಕೊಟ್ಟ ರಸೀದಿ, ಸರ್ವಿಸ್ ಬಿಲ್ಲುಗಳು, ನೀವು ಬರೆದ ಪತ್ರದ ಪ್ರತಿ ಇಷ್ಟನ್ನೂ ಜೆರಾಕ್ಸ್ ಮಾಡಿಸಿ ಜೊತೆಗೆ ಒಯ್ಯಿರಿ.