ನೋಡಿದವರಿಲ್ಲ ನಿಜ, ಆದರೆ ಬಿಸಿ ಇನ್ನೂ ಉಳಿದಿದೆ

"ಬಿಗ್ ಬ್ಯಾಂಗ್, ಅಂದರೆ ವಿಶ್ವದ ಆರಂಭದ ಮಹಾಸ್ಫೋಟ, ಆಗಿದ್ದನ್ನು ಯಾರೂ ನೋಡಿಲ್ಲ, ಹಾಗಾದರೆ ಸುಮ್ನೆ ಊಹೆ ತಾನೆ?" ಅಂತ ಕೇಳಿದ್ದೀರಿ. ಗ್ಯಾಲಕ್ಸಿಗಳು ದೂರ ಸರಿಯುತ್ತಿರುವುದು ಗೊತ್ತು ಅಂದಿದ್ದೀರಿ, ಅದನ್ನು ಬಿಡೋಣ. ನನಗೆ ಜಾಸ್ತಿ ನಂಬಿಕೆ ಹುಟ್ಟಿಸಿದ್ದು 1964ರ ಒಂದು ಗರಗರ ಸದ್ದು.

ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅನ್ನೋ ವಿಜ್ಞಾನಿಗಳು ಕಹಳೆಯಂಥ ದೊಡ್ಡ ಆಂಟೆನಾ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಎತ್ತ ತಿರುಗಿಸಿದರೂ, ಹಗಲು ರಾತ್ರಿ ಒಂದೇ ಸಮನೆ ಗರಗರ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೆಗೆದು ಸ್ವಚ್ಛ ಮಾಡಿದರೂ ಸದ್ದು ಹೋಗಲಿಲ್ಲ. ಅದು ಆಕಾಶದ್ದೇ ಆಗಿತ್ತು! ವಿಶ್ವಕ್ಕೆ ಸುಮಾರು 3,80,000 ವರ್ಷ ಆಗಿದ್ದಾಗ ಹೊರಟ ಬೆಳಕು, ವಿಶ್ವದ ಜೊತೆ ಹಿಗ್ಗಿ ಹಿಗ್ಗಿ ಈಗ ಮೈಕ್ರೋವೇವ್ ಅನ್ನೋ ರೇಡಿಯೋ ತರಂಗ ಆಗಿದೆ; ಆಂಟೆನಾದಲ್ಲಿ ಗರಗರ ಅಂದದ್ದು ಅದೇ, ಆ ಕಾಲದ ಬಿಸಿಯ ಉಳಿಕೆ. ಅಂಥ ಬಿಸಿ ಉಳಿದಿರಬೇಕು, ಸುಮಾರು 5 ಕೆಲ್ವಿನ್ (ಸೊನ್ನೆ ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್) ಅಂತ ಆಲ್ಫರ್ ಮತ್ತು ಹರ್ಮನ್ ಅನ್ನೋ ವಿಜ್ಞಾನಿಗಳು 1948ರಲ್ಲೇ ಲೆಕ್ಕ ಹಾಕಿದ್ದರು. ಇವತ್ತಿನ ಅಳತೆ ಸುಮಾರು 2.7 ಕೆಲ್ವಿನ್. ಮೊದಲೇ ಹೇಳಿದ್ದು ಆಮೇಲೆ ಸಿಕ್ಕರೆ ಅದನ್ನು ಬರೀ ಊಹೆ ಅನ್ನೋದು ಕಷ್ಟ ಅಲ್ವಾ?

ಹಾಗಂತ ಒಂದು ಮಾತು. ಇದು ವಿಶ್ವ ಒಮ್ಮೆ ವಿಪರೀತ ಬಿಸಿಯಾಗಿ, ಒತ್ತೊತ್ತಾಗಿ ಇತ್ತು ಅನ್ನೋದಕ್ಕೆ ಪುರಾವೆ. ಮೊಟ್ಟಮೊದಲ ಕ್ಷಣದಲ್ಲಿ ಏನಾಯಿತು ಅನ್ನೋದಕ್ಕಲ್ಲ. ಆ ಕ್ಷಣದ ಬಗ್ಗೆ ಯೂಟ್ಯೂಬ್‌ನಲ್ಲಿ ಗ್ಯಾರಂಟಿ ಕೊಡುವವರನ್ನು ನಾನಂತೂ ನಂಬುವುದಿಲ್ಲ.