ಅಮ್ಮನ ಕಾಲಿನ ಹುಣ್ಣಿಗೆ ಎಕ್ಸೋಸೋಮ್ ಹಚ್ಚಿಸಬಹುದೇ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಾದ ಹುಣ್ಣು ನಾಲ್ಕು ತಿಂಗಳಾದರೂ ಮಾಯುತ್ತಿಲ್ಲ. ನೋವಿಲ್ಲವೆಂದು ಅವರು ಮನೆಗೆಲಸ ಬಿಟ್ಟಿಲ್ಲ. ಚರ್ಮದ ಕ್ಲಿನಿಕ್ ಒಂದರಲ್ಲಿ ಎಕ್ಸೋಸೋಮ್ ಹಚ್ಚಿದರೆ ಬೇಗ ವಾಸಿಯಾಗುತ್ತದೆ ಎಂದು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಮಾಡಿಸಬಹುದೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಬೇಡ. ಆ ದುಡ್ಡು ನಿಮ್ಮ ಕೈಯಲ್ಲೇ ಇರಲಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ‘ನೋವಿಲ್ಲ’ ಎಂಬ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಎಕ್ಸೋಸೋಮ್ ಬೂಟಾಟಿಕೆಯಲ್ಲ. ಜೀವಕೋಶಗಳು ಹೊರಬಿಡುವ, ಸುಮಾರು 30ರಿಂದ 150 ನ್ಯಾನೊಮೀಟರ್ ಗಾತ್ರದ ಪೊರೆಚೀಲಗಳಿವು. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಕಂಡಾಗ, ಕೋಶ ತನಗೆ ಬೇಡದ್ದನ್ನು ಹೊರಹಾಕುವ ದಾರಿ ಎಂದೇ ತಿಳಿದಿದ್ದರು. ಒಳಗಿನ ಪ್ರೋಟೀನ್, ಆರ್‌ಎನ್‌ಎಗಳು ಇನ್ನೊಂದು ಕೋಶವನ್ನು ಸೇರಿ ಅದರ ನಡವಳಿಕೆಯನ್ನೇ ಬದಲಿಸಬಲ್ಲವು ಎಂಬುದು ಆಮೇಲೆ ತಿಳಿಯಿತು. ಸಕ್ಕರೆ ಕಾಯಿಲೆಯವರ ಹುಣ್ಣು ಉರಿಯೂತದ ಹಂತದಲ್ಲೇ ಸಿಕ್ಕಿಕೊಂಡಿರುತ್ತದೆ. ಸೋಂಕಿನೊಡನೆ ಸೆಣಸುವ ಮ್ಯಾಕ್ರೋಫೇಜ್ ಕೋಶಗಳು ದುರಸ್ತಿಯ ಕೆಲಸಕ್ಕೆ ತಿರುಗುವುದಿಲ್ಲ, ಹೊಸ ರಕ್ತನಾಳಗಳು ಸಾಕಷ್ಟು ಚಿಗುರುವುದಿಲ್ಲ. ಅದಕ್ಕಾಗಿ ಸಂಶೋಧಕರು ಎಕ್ಸೋಸೋಮ್ ಬಿಡುವ ಮೂಲಕೋಶಗಳನ್ನು ಮಾರ್ಪಡಿಸಿ ಅಥವಾ ಆ ಚೀಲಗಳಿಗೇ ವಂಶವಾಹಿಗಳ ಕೆಲಸವನ್ನು ಹತೋಟಿಯಲ್ಲಿಡುವ ಮೈಕ್ರೊಆರ್‌ಎನ್‌ಎ ತುಂಬಿ, ಗಾಯದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ನೀರು ಹಿಡಿದಿಡುವ ಲೋಳೆಯಂಥ ಹೈಡ್ರೋಜೆಲ್‌ನಲ್ಲಿ ಬೆರೆಸಿ ಹಚ್ಚಿ ನೋಡುತ್ತಿದ್ದಾರೆ. ಇಲಿಗಳಲ್ಲಿ ಗಾಯ ಬೇಗ ಮುಚ್ಚಿದೆ. ಆದರೆ ಇಲಿಯ ಚರ್ಮ ಬಹುಪಾಲು ಕುಗ್ಗಿಯೇ ಗಾಯ ಮುಚ್ಚುತ್ತದೆ. ನಮ್ಮಲ್ಲಿ ಹೊಸ ಅಂಗಾಂಶ ಬೆಳೆದು ತುಂಬಬೇಕು. ಇಲಿ ಒಲೆಯ ಮುಂದೆ ನಿಂತು ದೋಸೆ ಹುಯ್ಯುವುದೂ ಇಲ್ಲ.

2019ರ ಡಿಸೆಂಬರ್‌ನಲ್ಲಿ, ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಎಕ್ಸೋಸೋಮ್ ಚಿಕಿತ್ಸೆ ಪಡೆದ ಕೆಲವು ರೋಗಿಗಳಿಗೆ ತೀವ್ರ ತೊಂದರೆಯಾದ ಮೇಲೆ, ತಾನು ಅನುಮೋದಿಸಿದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲವೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಕ್ಲಿನಿಕ್‌ನವರು ‘ಇದು ಪ್ರಯೋಗ’ ಎಂದರೆ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗದ ಹೆಸರಿನಲ್ಲಿ ರೋಗಿಯಿಂದಲೇ ಹಣ ಕೇಳಿದರೆ ಎದ್ದು ಬನ್ನಿ.

ಇನ್ನು ನೋವಿನ ವಿಷಯ. ನಿಮ್ಮ ತಾಯಿಯ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿರಬಹುದು. ಆದ್ದರಿಂದಲೇ ಅವರು ಹುಣ್ಣಿನ ಮೇಲೆಯೇ ನಡೆದಾಡುತ್ತಿದ್ದಾರೆ. ಈ ವಾರವೇ ಪಾದದ ವಿಭಾಗವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಎಂಡೊಕ್ರೈನಾಲಜಿ (ಹಾರ್ಮೋನ್ ಮತ್ತು ಸಕ್ಕರೆ ಕಾಯಿಲೆಗಳ) ಸಂಸ್ಥೆಯಿದೆ. ಕಾಲಿನ ರಕ್ತಸಂಚಾರಕ್ಕೆ ಡಾಪ್ಲರ್, ಮೂಳೆಯ ಸೋಂಕಿಗೆ ಎಕ್ಸ್-ರೇ ಮಾಡಿಸಿ. ಸತ್ತ ಅಂಗಾಂಶ ಕೆರೆದು ತೆಗೆಯಬೇಕು, ಭಾರ ಬೀಳದಂತೆ ಪ್ಲಾಸ್ಟರ್ ಅಥವಾ ವಿಶೇಷ ಪಾದರಕ್ಷೆ ಹಾಕಬೇಕು. ಹುಣ್ಣು ಮಾಯುವವರೆಗೆ ಅಡುಗೆ ನೀವೇ ಮಾಡಿ. ಪಾದ ಕೆಂಪಾದರೆ, ವಾಸನೆ ಬಂದರೆ, ಜ್ವರ ಕಾಣಿಸಿದರೆ ಬೆಳಗಾಗುವವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.