ನಿಮ್ಮ ನಕ್ಷೆ ವಾಪಸು ಕಳಿಸಿದ್ದೇವೆ

ಓದುಗರ ಪ್ರಶ್ನೆ: ನೀರು ಸೋರದ ಹೊಸ ಬಗೆಯ ವಾಲ್ವ್ ಒಂದನ್ನು ಮಾಡಿದ್ದೇನೆ. ನಕ್ಷೆ ಲಗತ್ತಿಸಿದ್ದೇನೆ, ಪ್ರಕಟಿಸಿ. ಪೇಟೆಂಟ್ ಮಾಡಿಸು ಎಂದು ಗೆಳೆಯರು ಗಂಟುಬಿದ್ದಿದ್ದಾರೆ. ವಿದ್ಯೆಗೆ ಬೇಲಿ ಹಾಕುವುದು ಸರಿಯೇ? ಇಬ್ಬರು ತಯಾರಕರು ಆಗಲೇ ವಿಚಾರಿಸಿದ್ದಾರೆ.

ಸಂಪಾದಕರ ಉತ್ತರ: ನಿಮ್ಮ ವಾಲ್ವಿನ ಉಪಾಯ ಸೊಗಸಾಗಿದೆ. ಅದಕ್ಕೇ ನಕ್ಷೆಯನ್ನು ಅಚ್ಚು ಹಾಕದೆ ಹಿಂದಿರುಗಿಸಿದ್ದೇವೆ. ಪೇಟೆಂಟಿಗೆ ಮೊದಲ ಷರತ್ತು ಹೊಸತನ. ಅರ್ಜಿಗೂ ಮೊದಲು ಪತ್ರಿಕೆಯಲ್ಲಿ ಬಂದರೆ, ಬರೆದವರು ನೀವೇ ಆಗಿದ್ದರೂ, ಬಹುತೇಕ ದೇಶಗಳ ಕಾನೂನಿಗೆ ಅದು ಹಳೆಯದು. ಅಮೆರಿಕದಂಥ ಕೆಲವು ಕಡೆ ಒಂದು ವರ್ಷದ ರಿಯಾಯಿತಿ ಉಂಟು. ಅದನ್ನು ನೆಚ್ಚಿಕೊಂಡು ಕೂರಬೇಡಿ.

ಇನ್ನು ಬೇಲಿಯ ಮಾತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಚೇಂಬರ್ಲೆನ್ ಮನೆತನದ ವೈದ್ಯರು ಕಷ್ಟದ ಹೆರಿಗೆಗೆಂದು ಒಂದು ಇಕ್ಕಳ ಮಾಡಿಕೊಂಡಿದ್ದರು. ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ತರುತ್ತಿದ್ದರಂತೆ, ಹೆರುವವಳ ಕಣ್ಣಿಗೂ ಬಟ್ಟೆ ಕಟ್ಟುತ್ತಿದ್ದರಂತೆ. ನೂರು ವರ್ಷಕ್ಕೂ ಮೀರಿ ಗುಟ್ಟು ಆ ಮನೆಯ ಹೊಸ್ತಿಲು ದಾಟಲಿಲ್ಲ. ಬೇಲಿ ಎಂದರೆ ಅದು. ಪೇಟೆಂಟ್ ಇದಕ್ಕೆ ತದ್ವಿರುದ್ಧ: ಹೇಗೆ ಮಾಡಿದಿರಿ ಎಂಬುದನ್ನು ಪೂರ್ತಿ ಬರೆದುಕೊಡಬೇಕು, ಸಾಮಾನ್ಯವಾಗಿ 18 ತಿಂಗಳಿಗೆ ಅದನ್ನು ಯಾರು ಬೇಕಾದರೂ ಓದಬಹುದು. ಅದಕ್ಕೆ ಪ್ರತಿಯಾಗಿ, ಅರ್ಜಿ ಹಾಕಿದ ದಿನದಿಂದ 20 ವರ್ಷ ನಿಮ್ಮ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ತಯಾರಿಸುವಂತಿಲ್ಲ. ಆಮೇಲೆ ಅದು ಎಲ್ಲರ ಸೊತ್ತು.

ಸುಮ್ಮನೆ ಲೋಕಕ್ಕೆ ಬಿಟ್ಟುಕೊಡುವುದೇ ನಿಮ್ಮ ಆಸೆಯಾಗಿದ್ದರೆ, ಪ್ರಕಟಿಸುವುದೂ ಒಂದು ದಾರಿಯೇ; ಆಮೇಲೆ ಅದೇ ವಾಲ್ವಿಗೆ ಬೇರೆಯವರಿಗೂ ಪೇಟೆಂಟ್ ಸಿಗದು. ಆದರೆ ತಯಾರಕರ ಸುದ್ದಿಯನ್ನು ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ತುರುಕಿದ್ದೀರಲ್ಲ, ಆ ಸಾಲು ಬೇರೆಯೇ ಹೇಳುತ್ತದೆ! ಅಚ್ಚು ಮಾಡಿಸಿ ಯಂತ್ರಕ್ಕೆ ದುಡ್ಡು ಹಾಕುವವರು ಮೊದಲು ಕೇಳುವುದೇ ಹಕ್ಕು ಯಾರದೆಂದು. ನಾಳೆ ಪಕ್ಕದವನೂ ಅದನ್ನೇ ಮಾಡಬಹುದೆಂದಾದರೆ ಅವರು ಯಾಕೆ ಹಾಕಿಯಾರು? ಅವರಿಗೆ ವಾಲ್ವ್ ತೋರಿಸುವ ಮುನ್ನ ಗೌಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಳ್ಳಿ. ಮೊದಲ ಅರ್ಜಿಯಾದ 12 ತಿಂಗಳೊಳಗೆ ಬೇರೆ ದೇಶಗಳಲ್ಲೂ ಅರ್ಜಿ ಹಾಕಿದರೆ ಮೊದಲಿನ ತಾರೀಖೇ ಲೆಕ್ಕಕ್ಕೆ ಬರುತ್ತದೆ. 1883ರ ಪ್ಯಾರಿಸ್ ಒಪ್ಪಂದದ ಉಪಕಾರ ಇದು. ವಾಲ್ವಿಗೆ ಇಟ್ಟ ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆ ಮಾಡಿಸಬೇಕು.

ಪೇಟೆಂಟ್ ತಾನಾಗಿ ಕಾವಲು ಕಾಯುವುದಿಲ್ಲ ಎಂಬುದೂ ಗೊತ್ತಿರಲಿ. ನಕಲು ಮಾಡಿದವನ ಮೇಲೆ ಕೋರ್ಟಿಗೆ ಹೋಗಬೇಕಾದವರು ನೀವೇ, ಖರ್ಚೂ ನಿಮ್ಮದೇ. ಆದರೆ ಕಾಗದವಿಲ್ಲದೆ ಹೋದರೆ ಬಾಗಿಲಲ್ಲೇ ವಾಪಸು.

ಅರ್ಜಿ ಸಂಖ್ಯೆ ಕೈಗೆ ಬಂದ ದಿನ ನಕ್ಷೆಯನ್ನು ಮತ್ತೆ ಕಳಿಸಿ. ಎರಡು ಪುಟ ಕಾದಿರಿಸಿದ್ದೇವೆ.